ಮನೆಯ ಸೈಕಲ್ಲಿಗೆ ಬೀಗ ಹಾಕಿದ್ದೀರಿ, ಸರಿ, ಕಟ್ಟಿದ್ದು ಯಾವುದಕ್ಕೆ?

ಪ್ರಶ್ನೆ: ನಾವು ಮೂರು ಅಂತಸ್ತಿನ ಕಟ್ಟಡದ ಮೊದಲನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಎರಡು ವಾರದ ಹಿಂದೆ, ಕೆಳಗೆ ಮೆಟ್ಟಿಲಿನಡಿ ಇಟ್ಟಿದ್ದ ಮಗಳ ಸೈಕಲ್ ರಾತ್ರೋರಾತ್ರಿ ಕಳುವಾಯಿತು. ಮುಂದಿನ ಚಕ್ರಕ್ಕೂ ಫ್ರೇಮಿಗೂ ಸೇರಿಸಿ ನಂಬರ್ ಬೀಗದ ಕೇಬಲ್ ಹಾಕಿದ್ದಳು. ಕಾಂಪೌಂಡ್ ಗೇಟಿಗೂ ಬೀಗವಿತ್ತು. ತನ್ನದೇ ತಪ್ಪು ಎಂದು ಅವಳು ಇನ್ನೂ ಕೊರಗುತ್ತಿದ್ದಾಳೆ. ಈಗ ಬೇರೆ ಸೈಕಲ್ ತಂದಿದ್ದೇವೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು, ನಿಜ. ಆದರೂ ಕೇಳುತ್ತೇನೆ: ಯಾವ ಬೀಗ ಕೊಂಡರೆ ಇದು ಉಳಿಯುತ್ತದೆ? ಮನೆಯೊಳಗೆ ಜಾಗ ಕಡಿಮೆ.

ಉತ್ತರ: ಮೊದಲು ಮಗಳಿಗೆ ಹೇಳಿ, ತಪ್ಪು ಅವಳದಲ್ಲ. ಅವಳು ಬೀಗ ಹಾಕಿದ್ದಳು, ಗೇಟೂ ಮುಚ್ಚಿತ್ತು. ಅಂಗಡಿಯವರು ಸೈಕಲ್ ಜೊತೆ ಕೊಡುವ ಕೇಬಲ್ಲನ್ನು ಹೆಚ್ಚಿನವರು ಬಳಸುವುದು ಅವಳು ಬಳಸಿದ ರೀತಿಯಲ್ಲೇ. ಆ ಕೇಬಲ್ ಎಷ್ಟು ತಡೆಯುತ್ತದೆ, ಎಷ್ಟು ತಡೆಯುವುದಿಲ್ಲ ಎಂದು ಮಾರುವವರು ಹೇಳುವುದಿಲ್ಲ. ನನ್ನ ರಿಪೇರಿ ಕೆಲಸದಲ್ಲಿ ಕೀಲಿಕೈ ಕಳೆದುಕೊಂಡವರು ಆಗಾಗ ಬಂದು ಬೀಗ ಕತ್ತರಿಸಿಕೊಡಿ ಎನ್ನುತ್ತಾರೆ. ಸೈಕಲ್ ಅವರದೇ ಎನ್ನುವುದಕ್ಕೆ ಬಿಲ್ಲೋ ಹಳೆಯ ಫೋಟೋವೋ ನೋಡದೆ ನಾನು ಕಟರ್ ಕೈಗೆತ್ತಿಕೊಳ್ಳುವುದಿಲ್ಲ. ಕೇಬಲ್ಲಾದರೆ ಕತ್ತರಿಸಲು ಕೆಲವೇ ಸೆಕೆಂಡು ಸಾಕು. ಹೊರಗೆ ಹೆಬ್ಬೆರಳಿನ ಗಾತ್ರದ ಪ್ಲಾಸ್ಟಿಕ್, ಒಳಗೆ ಹೆಣೆದ ತೆಳುವಾದ ತಂತಿ. ತಂತಿ ಕತ್ತರಿಸುವ ಕಟರ್ ಒಂದೊಂದು ಕಚ್ಚಿಗೆ ಒಂದಿಷ್ಟು ಎಳೆ ತಿನ್ನುತ್ತದೆ, ಮುಗಿಯಿತು. ಸದ್ದೇ ಇಲ್ಲ.

ನಿಮ್ಮ ಮಗಳ ಸೈಕಲ್ಲಿಗೆ ಅಷ್ಟೂ ಬೇಕಾಗಿರಲಿಕ್ಕಿಲ್ಲ. ಚಕ್ರವನ್ನೂ ಫ್ರೇಮನ್ನೂ ಒಂದಕ್ಕೊಂದು ಕಟ್ಟಿದರೆ ಸೈಕಲ್ ಓಡುವುದಿಲ್ಲ, ಆದರೆ ಹೋಗುತ್ತದೆ. ಸಾಧಾರಣ ಸೈಕಲ್ ಹನ್ನೆರಡರಿಂದ ಹದಿನೆಂಟು ಕೆ.ಜಿ. ತೂಗುತ್ತದೆ. ಹೆಗಲಿಗೇರಿಸಿಕೊಂಡು ಹೊರಟವನು ಬೀಗವನ್ನು ತನ್ನ ಜಾಗದಲ್ಲಿ ನಿಧಾನವಾಗಿ ತೆಗೆದುಕೊಳ್ಳುತ್ತಾನೆ. ಹಿಂದಿನ ಚಕ್ರಕ್ಕೆ ಅಡ್ಡ ಕಡ್ಡಿ ಬರುವ, ಫ್ರೇಮಿಗೇ ಕೂರಿಸಿದ ಬೀಗದ ಕಥೆಯೂ ಇದೇ. ಎದುರಿನ ಅಂಗಡಿಗೆ ಹೋಗಿ ಬರುವವರೆಗೆ ಅದು ಸಾಕು, ರಾತ್ರಿಗೆ ಸಾಲದು. ಅಂಕಿ ತಿರುಗಿಸುವ ಮೂರು ಬಿಲ್ಲೆಗಳಿರುವ ನಂಬರ್ ಬೀಗದಲ್ಲಿ ಇರುವುದು 1000 ಸಂಖ್ಯೆ. ಒಂದಕ್ಕೆ ಎರಡು ಸೆಕೆಂಡಿನಂತೆ ಎಲ್ಲವನ್ನೂ ತಿರುಗಿಸಿ ನೋಡಿದರೂ ಅರ್ಧ ಗಂಟೆಯ ಮೇಲೆ ಮೂರು ನಿಮಿಷ. ಅಗ್ಗದ ಬೀಗಗಳಲ್ಲಿ ಅಷ್ಟೂ ಹೊತ್ತು ಬೇಡ. ಕೊಂಡಿಯನ್ನು ಬಿಗಿಯಾಗಿ ಎಳೆದು ಹಿಡಿದು ತಿರುಗಿಸಿದರೆ ಸರಿಯಾದ ಅಂಕಿ ಬಂದ ಕಡೆ ಬೆರಳಿಗೆ ತಿಳಿಯುತ್ತದೆ.

ಹಾಗಾಗಿ ಯಾವ ಬೀಗ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನಾನೇ ಒಂದು ಪ್ರಶ್ನೆ ಕೇಳಬೇಕು. ಸೈಕಲ್ಲನ್ನು ಯಾವುದಕ್ಕೆ ಕಟ್ಟುತ್ತೀರಿ?

ಬೀದಿಯಲ್ಲಿ ನಿಂತ ಸೈಕಲ್ಲಿನ ಯಜಮಾನ ಯಾವ ಗಳಿಗೆಯಲ್ಲಿ ವಾಪಸು ಬರುತ್ತಾನೋ ಕಳ್ಳನಿಗೆ ಗೊತ್ತಿರುವುದಿಲ್ಲ. ಕೈಯಲ್ಲಿ ಏನಿದೆಯೋ ಅದರಲ್ಲೇ ಕೆಲಸ ಮುಗಿಸಬೇಕು. ಮನೆಯ ಸೈಕಲ್ಲು ಇಂದೂ ನಾಳೆಯೂ ನಾಡಿದ್ದೂ ಅದೇ ಮೂಲೆಯಲ್ಲಿ, ಅದೇ ಬೀಗದೊಂದಿಗೆ ನಿಂತಿರುತ್ತದೆ. ಹಗಲು ಒಮ್ಮೆ ನೋಡಿಕೊಂಡು ಹೋಗಿ, ಅದಕ್ಕೆ ತಕ್ಕ ಸಾಮಾನು ಹೊಂದಿಸಿಕೊಂಡು, ಎಲ್ಲರೂ ಮಲಗಿದ ಮೇಲೆ ಬಂದರಾಯಿತು. ಗೇಟು ದಾಟಿ ಒಳಗೆ ಬಂದವನನ್ನು ನಿಮ್ಮದೇ ಕಾಂಪೌಂಡ್ ಗೋಡೆ ದಾರಿಹೋಕರ ಕಣ್ಣಿನಿಂದ ಮರೆಮಾಡುತ್ತದೆ. ಮೆಟ್ಟಿಲಿನಡಿಯ ಕತ್ತಲೆಯಂತೂ ಕೇಳುವುದೇ ಬೇಡ. ಗೇಟಿನ ಬೀಗವನ್ನು ನಂಬಿ ಸೈಕಲ್ಲಿನ ಬೀಗವನ್ನು ಹಗುರ ಮಾಡಿಕೊಳ್ಳುವುದು ಇದಕ್ಕೇ ಕೆಡುಕು.

ಆದರೆ ಮನೆಯಲ್ಲಿ ನಿಮಗೂ ಒಂದು ದೊಡ್ಡ ಅನುಕೂಲವಿದೆ, ಬಹಳ ಜನ ಇದನ್ನು ಬಳಸಿಕೊಳ್ಳುವುದೇ ಇಲ್ಲ. ಬೀದಿಗೆ ಒಯ್ಯುವ ಬೀಗವನ್ನು ನಾವೇ ಹೊರಬೇಕು, ಅದಕ್ಕೇ ಹಗುರವಾದದ್ದನ್ನು ಹುಡುಕುತ್ತೇವೆ. ಮನೆಯ ಬೀಗವನ್ನು ಯಾರೂ ಹೊರಬೇಕಿಲ್ಲ. ಅದು ಐದು ಕೆ.ಜಿ. ಇರಲಿ, ಹತ್ತು ಕೆ.ಜಿ. ಇರಲಿ, ಒಂದು ಕಡೆ ಶಾಶ್ವತವಾಗಿ ಬಿದ್ದಿರುತ್ತದೆ. ಮಗಳು ಬಂದು ಸೈಕಲ್ಲನ್ನು ಅದಕ್ಕೆ ಸಿಕ್ಕಿಸುತ್ತಾಳೆ, ಬೆಳಗ್ಗೆ ಬಿಡಿಸಿಕೊಂಡು ಹೋಗುತ್ತಾಳೆ. ಬೀದಿಯಲ್ಲಿ ಯಾರೂ ಬಳಸಲಾಗದಷ್ಟು ದಪ್ಪ ಸರಪಳಿಯನ್ನು ಮನೆಯಲ್ಲಿ ಬಳಸಬಹುದು. ನೆಲಕ್ಕೋ ಗೋಡೆಗೋ ಗಟ್ಟಿಯಾದ ಗೂಟವನ್ನು ನಿಮಗೆ ಬೇಕಾದ ಜಾಗದಲ್ಲೇ ಕೂರಿಸಿಕೊಳ್ಳಬಹುದು. ಸ್ಥಳದ ಆಯ್ಕೆ ನಿಮ್ಮದು, ಕಳ್ಳನದಲ್ಲ.

ಮೊದಲು ಈಗ ಇರುವುದನ್ನೇ ನೋಡೋಣ. ಕೆಳಗೆ ಹೋಗಿ ಕಟ್ಟಡದ ಸುತ್ತ ಒಮ್ಮೆ ತಿರುಗಾಡಿ. ಸರಪಳಿ ಸುತ್ತುವಂಥದ್ದು ಏನೇನಿದೆ? ಕಾಂಕ್ರೀಟಿನ ಕಂಬ ಸರಪಳಿಗೆ ಸಿಗುವಷ್ಟು ಸಣ್ಣದಾಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಮೆಟ್ಟಿಲಿನ ಕಬ್ಬಿಣದ ಕಟಕಟೆಯಾದರೆ ಅದರ ಕಾಲುಗಳನ್ನು ಬಗ್ಗಿ ನೋಡಿ. ಕಾಂಕ್ರೀಟಿನೊಳಗೆ ಹೂತಿವೆಯೋ, ಮೇಲೆ ನಾಲ್ಕು ಸ್ಕ್ರೂ ಹಾಕಿ ನಿಲ್ಲಿಸಿದ್ದಾರೋ? ಸ್ಕ್ರೂ ಆದರೆ ಕಳ್ಳನಿಗೆ ಬೇಕಾದ್ದು ಒಂದು ಸ್ಪ್ಯಾನರ್. ಕಿಟಕಿಯ ಸರಳು ಗೋಡೆಗೆ ಕಚ್ಚಿಕೊಂಡಿದ್ದರೆ ಒಳ್ಳೆಯದು. ಮರದ ಚೌಕಟ್ಟಿಗೆ ಹೊಡೆದದ್ದಾದರೆ ಬೇಡ. ನೀರಿನ ಪಿವಿಸಿ ಪೈಪಿಗೆ ಕಟ್ಟಿದವರನ್ನು ನೋಡಿದ್ದೇನೆ. ಆ ಪೈಪನ್ನು ಕೈಗರಗಸದಲ್ಲಿ ಒಂದೆರಡು ನಿಮಿಷದಲ್ಲಿ ಕೊಯ್ಯಬಹುದು, ಸೈಕಲ್ ಜೊತೆ ನೀರೂ ಹೋಗುತ್ತದೆ. ಗೇಟಿಗೆ ಕಟ್ಟುವ ಯೋಚನೆಯಿದ್ದರೆ ಗೇಟನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ನೋಡಿ. ಬಹಳಷ್ಟು ಗೇಟುಗಳು ಹಿಂಜಿನಿಂದ ಎತ್ತಿದರೆ ಕಳಚಿ ಬರುತ್ತವೆ. ಬಿಡಿ ಕಂಬವಾದರೆ ಅದರ ತುದಿಯನ್ನೂ ನೋಡಿ, ಸರಪಳಿ ಸಮೇತ ಸೈಕಲ್ಲನ್ನು ಮೇಲಿನಿಂದ ದಾಟಿಸಿ ತೆಗೆಯುವಂತಿರಬಾರದು. ಅಪಾರ್ಟ್‌ಮೆಂಟುಗಳಲ್ಲಿ ಸೈಕಲ್ ನಿಲ್ಲಿಸಲೆಂದೇ ಇಡುವ ಕಬ್ಬಿಣದ ಸ್ಟ್ಯಾಂಡುಗಳನ್ನಂತೂ ನಾನು ಪರೀಕ್ಷಿಸದೆ ನಂಬುವುದಿಲ್ಲ. ಎಷ್ಟೋ ಸ್ಟ್ಯಾಂಡುಗಳನ್ನು ನೆಲಕ್ಕೆ ಹಿಡಿದಿರುವುದು ಯಾರು ಬೇಕಾದರೂ ಬಿಚ್ಚಬಹುದಾದ ನಟ್ಟುಗಳು. ಅದರಲ್ಲೂ ಮುಂದಿನ ಚಕ್ರವನ್ನು ಮಾತ್ರ ಸಿಕ್ಕಿಸಲು ಜಾಗ ಕೊಡುವ ಸ್ಟ್ಯಾಂಡಿಗೆ ಫ್ರೇಮನ್ನು ಕಟ್ಟಲು ಆಗುವುದೇ ಇಲ್ಲ. ಬೆಳಗ್ಗೆ ಚಕ್ರವೊಂದೇ ಉಳಿದಿರುತ್ತದೆ.

ಏನೂ ಸಿಗದಿದ್ದರೆ ಕೂರಿಸಬೇಕು. ನೆಲಕ್ಕೆ ಅಥವಾ ಗೋಡೆಗೆ ಬೋಲ್ಟ್ ಹಾಕಿ ಹಿಡಿಸುವ ಉಕ್ಕಿನ ಕೊಂಡಿ ಸಿಗುತ್ತದೆ, ಗ್ರೌಂಡ್ ಆಂಕರ್, ವಾಲ್ ಆಂಕರ್ ಎನ್ನುತ್ತಾರೆ. ಕೊಂಡಿ ಎಷ್ಟು ದಪ್ಪ ಎನ್ನುವುದನ್ನು ಎಲ್ಲರೂ ನೋಡುತ್ತಾರೆ. ಅದು ಕಚ್ಚಿಕೊಂಡಿರುವ ಗೋಡೆ ಎಂಥದು ಎನ್ನುವುದನ್ನು ನೋಡುವವರು ಕಡಿಮೆ. ಗಟ್ಟಿ ಕಾಂಕ್ರೀಟಾದರೆ ಬಿಗಿಗೊಳಿಸಿದಂತೆ ಒಳಗೆ ಅರಳಿ ಹಿಡಿಯುವ ಬೋಲ್ಟು ಚೆನ್ನಾಗಿ ಕೂರುತ್ತದೆ. ಇಟ್ಟಿಗೆ ಗೋಡೆಯಾದರೆ ತೂತನ್ನು ಇಟ್ಟಿಗೆಯ ನಡುವೆ ಕೊರೆಯಬೇಕು, ಎರಡು ಇಟ್ಟಿಗೆಯ ಮಧ್ಯದ ಗಾರೆಯಲ್ಲಲ್ಲ. ಅರಳುವ ಬೋಲ್ಟು ಇಟ್ಟಿಗೆಯನ್ನು ಸೀಳಬಹುದು, ಆದ್ದರಿಂದ ಅಲ್ಲಿ ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್ ಮೇಲು. ಹಾಲೋ ಬ್ಲಾಕಿನ ಗೋಡೆಯೊಳಗೆ ಟೊಳ್ಳು, ಅರಳಿದ ಬೋಲ್ಟಿಗೆ ಹಿಡಿಯಲು ಏನೂ ಇರುವುದಿಲ್ಲ. ಅಂಥ ಕಡೆ ಗೋಡೆಯ ಆಚೆ ಬದಿಗೆ ಉಕ್ಕಿನ ಪಟ್ಟಿ ಇಟ್ಟು ಬೋಲ್ಟನ್ನು ಆರಪಾರ ಹಾಯಿಸುವುದು ಅಥವಾ ಗೋಡೆ ಬಿಟ್ಟು ನೆಲವನ್ನೇ ಆರಿಸುವುದು ಸರಿ. ಟೈಲ್ಸ್ ಹಾಕಿದ ನೆಲವಾದರೆ ಬೋಲ್ಟು ಟೈಲ್ಸು ದಾಟಿ ಕಾಂಕ್ರೀಟಿನಲ್ಲಿ ಆಳವಾಗಿ ಇಳಿಯಬೇಕು. ಅಂಚಿನ ಹತ್ತಿರ ಕೊರೆಯಬೇಡಿ, ಕಾಂಕ್ರೀಟು ಅಲ್ಲಿಂದಲೇ ಒಡೆದುಕೊಳ್ಳುತ್ತದೆ.

ಇಲ್ಲಿ ಒಂದು ಸಣ್ಣ ಕೆಲಸವನ್ನು ಒತ್ತಿ ಹೇಳುತ್ತೇನೆ. ಕೊರೆದ ತೂತಿನಲ್ಲಿ ಪುಡಿ ತುಂಬಿರುತ್ತದೆ. ಅದನ್ನು ಬ್ರಷ್ ಹಾಕಿ ಉಜ್ಜಿ, ಗಾಳಿ ಊದಿ, ಮತ್ತೆ ಉಜ್ಜಿ, ಮತ್ತೆ ಊದಿ ತೆಗೆಯಬೇಕು. ಪುಡಿ ಉಳಿದರೆ ಅಂಟು ಹಿಡಿಯುವುದು ಗೋಡೆಯನ್ನಲ್ಲ, ಪುಡಿಯನ್ನು. ಬಹಳ ಹಿಂದೆ ನಾನೇ ಅವಸರದಲ್ಲಿ ಕೂರಿಸಿದ ಒಂದು ಕೊಂಡಿ ಮರುದಿನ ಬೋಲ್ಟಿನ ಸಮೇತ ಕೈಗೆ ಬಂದಿತ್ತು. ತೂತಿನೊಳಗೆ ಬೆರಳು ಹಾಕಿದರೆ ಮೈದಾದಂಥ ಪುಡಿ. ಅಂದಿನಿಂದ ಈ ಕೆಲಸಕ್ಕೆ ಕೊರೆಯುವುದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇನೆ. ಅಂಟು ಒಣಗಲು ಡಬ್ಬಿಯ ಮೇಲೆ ಬರೆದಷ್ಟು ಸಮಯ ಪೂರ್ತಿ ಬಿಡಿ. ಚಳಿಯಿದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ. ಬೋಲ್ಟಿನ ತಲೆಯಲ್ಲಿ ಆರು ಮೂಲೆಯ ಗುಳಿಯಿದ್ದರೆ ಬಿಗಿ ಮಾಡಿದ ಮೇಲೆ ಆ ಗುಳಿಗೆ ಸರಿಹೊಂದುವ ಉಕ್ಕಿನ ಗುಂಡನ್ನು, ಅಂದರೆ ಬೇರಿಂಗಿನ ಬಾಲನ್ನು, ಸುತ್ತಿಗೆಯಿಂದ ಹೊಡೆದು ಕೂರಿಸಿ. ಆಮೇಲೆ ಅದನ್ನು ಯಾವ ಕೀಲಿಯಿಂದಲೂ ತಿರುಗಿಸಲು ಬರುವುದಿಲ್ಲ.

ಕಟ್ಟಡದ ಕಂಬ, ತೊಲೆಗಳಿಗೆ ಮಾತ್ರ ಡ್ರಿಲ್ ಇಡಬೇಡಿ. ಒಳಗಿನ ಕಬ್ಬಿಣಕ್ಕೆ ಪೆಟ್ಟಾಗಬಾರದು. ಬಿಗಿದ ತಂತಿಗಳಿಂದ ಕಟ್ಟಿದ ಪೋಸ್ಟ್ ಟೆನ್ಷನ್ ಸ್ಲ್ಯಾಬಾದರೆ ಅದನ್ನು ಕೊರೆಯುವುದು ಜೀವಕ್ಕೇ ಅಪಾಯ. ಕಂಬಕ್ಕೆ ಸರಪಳಿ ಸುತ್ತಿ, ಸಾಕು.

ನಿಮ್ಮದು ಬಾಡಿಗೆ ಮನೆ. ಮಾಲೀಕರನ್ನು ಕೇಳಿ ನೋಡಿ. ಕಟ್ಟಡದಲ್ಲಿ ಇನ್ನೂ ಸೈಕಲ್ಲುಗಳಿದ್ದರೆ ಎಲ್ಲರೂ ಒಟ್ಟಾಗಿ ಕೇಳಿದರೆ ಒಪ್ಪುವ ಸಂಭವ ಹೆಚ್ಚು. ಒಪ್ಪದಿದ್ದರೆ ದಾರಿ ಮುಚ್ಚಿತು ಎಂದುಕೊಳ್ಳಬೇಡಿ. ಕಾಂಕ್ರೀಟ್ ಒಂದು ಘನ ಮೀಟರಿಗೆ ಸುಮಾರು 2400 ಕೆ.ಜಿ. ತೂಗುತ್ತದೆ. ಅಂದರೆ 50 ಲೀಟರ್ ಹಿಡಿಯುವ ಹಳೆಯ ಟಬ್ಬಿನಲ್ಲಿ ಕಾಂಕ್ರೀಟ್ ತುಂಬಿದರೆ ಹತ್ತಿರ ಹತ್ತಿರ 120 ಕೆ.ಜಿ. ಹಾಕುವಾಗಲೇ ಅದರಲ್ಲಿ ದಪ್ಪ ಉಕ್ಕಿನ ಕೊಂಡಿಯನ್ನು ಮುಳುಗಿಸಿ, ಕೊಂಡಿಯ ಕಾಲುಗಳನ್ನು ತಳದಲ್ಲಿ ಹೊರಕ್ಕೆ ಬಾಗಿಸಿಡಿ, ಎಳೆದರೆ ಕಿತ್ತು ಬರಬಾರದು. ಒಂದು ವಾರವಾದರೂ ನೀರುಣಿಸಿ ಗಟ್ಟಿಯಾಗಲು ಬಿಡಿ. ಟಬ್ಬನ್ನು ಎಲ್ಲಿ ಇಡಬೇಕೋ ಅಲ್ಲೇ ಇಟ್ಟು ತುಂಬಿ, ಆಮೇಲೆ ಸರಿಸಲಾಗುವುದಿಲ್ಲ. ಇದು ಗೋಡೆಯ ಕೊಂಡಿಯಷ್ಟು ಒಳ್ಳೆಯದಲ್ಲ. ಇಬ್ಬರು ಮೂವರು ಗಾಡಿ ತಂದರೆ ಒಯ್ಯಬಹುದು. ಆದರೆ ಒಬ್ಬನೇ ಬಂದು ಹೆಗಲಿಗೇರಿಸಿಕೊಂಡು ಹೋಗುವ ಕಥೆ ಅಲ್ಲಿಗೆ ಮುಗಿಯುತ್ತದೆ. ಎರಡು ಮೂರು ಸೈಕಲ್ಲುಗಳನ್ನು ಇದಕ್ಕೇ ಸೇರಿಸಿ ಕಟ್ಟಿದರೆ ಹೊರುವುದು ಇನ್ನೂ ಕಷ್ಟ. ಮನೆ ಬದಲಿಸುವಾಗ ಇದನ್ನು ಏನು ಮಾಡುವುದೆಂದು ಮೊದಲೇ ಯೋಚಿಸಿಕೊಳ್ಳಿ.

ಈಗ ಬೀಗ. ಮನೆಗೆ ನನ್ನ ಆಯ್ಕೆ ಹದ ಹಾಕಿದ ಉಕ್ಕಿನ ದಪ್ಪ ಸರಪಳಿ. ಸರಪಳಿಯ ಒಂದೊಂದು ಕೊಂಡಿಯ ಕಡ್ಡಿ 10 ಮಿ.ಮೀ. ದಪ್ಪ ಇದ್ದರೆ ಚೀಲದಲ್ಲಿ ಅಡಗಿಸಿ ತರಬಹುದಾದ ಸಣ್ಣ ಬೋಲ್ಟ್ ಕಟರ್ ಸೋಲುತ್ತದೆ. 13 ಮಿ.ಮೀ. ಇದ್ದರೆ ಕೈಯಿಂದ ಒತ್ತುವ ಕಟರುಗಳಲ್ಲಿ ಹೆಚ್ಚಿನವು ಸೋಲುತ್ತವೆ. 16 ಮಿ.ಮೀ. ಆದರೆ ತೋಳಿನುದ್ದದ ಕಟರನ್ನೂ ಬದಿಗಿಡಬೇಕು. ಅಂಥ ಸರಪಳಿ ಒಂದು ಮೀಟರಿಗೆ ಸುಮಾರು ಐದು ಕೆ.ಜಿ. ತೂಗುತ್ತದೆ, ಮನೆಯಲ್ಲಿ ಆ ಭಾರವೇ ನಮಗೆ ಬೇಕಾದದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಮಾರುವ ಮಾಮೂಲಿ ಸರಪಳಿ ನೋಡಲು ಇಷ್ಟೇ ದಪ್ಪವಿದ್ದರೂ ಮೆದು. ವ್ಯತ್ಯಾಸ ತಿಳಿಯುವುದು ಸುಲಭ. ಒಂದು ಅರದಿಂದ ಕೊಂಡಿಯನ್ನು ಉಜ್ಜಿ. ಮೆದು ಉಕ್ಕಾದರೆ ಅರ ಕಚ್ಚಿ ಪುಡಿ ಉದುರುತ್ತದೆ. ಹದ ಹಾಕಿದ್ದಾದರೆ ಅರ ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ. ಸರಪಳಿಗೆ ಹಾಕುವ ಬೀಗವೂ ಅದೇ ದರ್ಜೆಯದಿರಬೇಕು. ಕಳ್ಳ ಕತ್ತರಿಸುವುದು ಎಲ್ಲಕ್ಕಿಂತ ತೆಳುವಾದ ಭಾಗವನ್ನು. ಬೀಗದ ಬಾಗಿದ ಕಡ್ಡಿ ಆದಷ್ಟು ಹೊರಗೆ ಕಾಣದಂತೆ ಬೀಗದ ಮೈಯೊಳಗೇ ಮುಚ್ಚಿಕೊಳ್ಳುವ ಮಾದರಿ ಸಿಗುತ್ತದೆ, ಅದನ್ನೇ ಕೊಳ್ಳಿ.

ಯು ಆಕಾರದ ಬೀಗವೂ ಒಳ್ಳೆಯದು. ಮಗಳು ಸೈಕಲ್ಲನ್ನು ಹೊರಗೆ ಒಯ್ದಾಗ ಅವಳ ಕೈಯಲ್ಲಿ ಅದಿರಲಿ. ಕೊಳ್ಳುವಾಗ ಯು-ವಿನ ಎರಡೂ ಕಾಲುಗಳು ಅಡ್ಡಕಡ್ಡಿಯೊಳಗೆ ಬೀಗಗೊಳ್ಳುತ್ತವೆಯೇ ಎಂದು ಕೇಳಿ. ಒಂದೇ ಕಾಲು ಬೀಗಗೊಳ್ಳುವಂಥದ್ದಾದರೆ ಒಂದು ಕಡೆ ಕೊಯ್ದು ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ, ಎರಡೂ ಕಾಲು ಬೀಗಗೊಂಡರೆ ಎರಡು ಕಡೆ ಕೊಯ್ಯಬೇಕು. ಚಿಕ್ಕದಿದ್ದಷ್ಟೂ ಒಳ್ಳೆಯದು, ಒಳಗೆ ಖಾಲಿ ಜಾಗ ಉಳಿದರೆ ಹಾರೆಯನ್ನೋ ಜಾಕನ್ನೋ ತೂರಿಸಿ ಅಗಲಿಸುತ್ತಾರೆ. ಹಳೆಯ ಬೀಗವೇನಾದರೂ ಮನೆಯಲ್ಲಿದ್ದು ಅದರ ಕೀಲಿಕೈ ಟೊಳ್ಳು ಕೊಳವೆಯಂತೆ ದುಂಡಗಿದ್ದರೆ ಅದನ್ನು ಬಿಟ್ಟುಬಿಡಿ. ಆ ಬಗೆಯ ಬೀಗಗಳನ್ನು ಅಗ್ಗದ ಬಾಲ್ ಪೆನ್ನಿನ ಕೊಳವೆ ಒತ್ತಿ ತೆರೆಯಬಹುದೆಂದು 2004ರಲ್ಲಿ ಜಗತ್ತಿಗೆಲ್ಲ ತಿಳಿದುಹೋಯಿತು. ಹೆಸರಾಂತ ಕಂಪನಿಗಳೂ ತಮ್ಮ ಬೀಗಗಳನ್ನು ಬದಲಿಸಬೇಕಾಯಿತು.

ಡಬ್ಬಿಯ ಮೇಲೆ ತಯಾರಕರೇ ಮುದ್ರಿಸಿಕೊಳ್ಳುವ ಹತ್ತಕ್ಕೆ ಎಂಟು, ಹದಿನೈದಕ್ಕೆ ಹನ್ನೆರಡು ಎಂಬ ಅಂಕಗಳನ್ನು ನಂಬಬೇಡಿ. ಅದು ಅವರವರ ಅಳತೆಗೋಲು. ಬೇರೆಯವರು ಪರೀಕ್ಷಿಸಿ ಕೊಟ್ಟ ದರ್ಜೆ ಇದೆಯೇ ನೋಡಿ. ಬ್ರಿಟನ್ನಿನಲ್ಲಿ 1992ರಲ್ಲಿ ಶುರುವಾದ ಸೋಲ್ಡ್ ಸೆಕ್ಯೂರ್ ಎಂಬ ಸಂಸ್ಥೆ ಬೀಗಗಳನ್ನು ನಿಜವಾದ ಹತಾರಗಳಿಂದ ಒಡೆದು ನೋಡಿ ಕಂಚು, ಬೆಳ್ಳಿ, ಚಿನ್ನ, ವಜ್ರ ಎಂದು ದರ್ಜೆ ಕೊಡುತ್ತದೆ. ನೆದರ್ಲೆಂಡ್ಸಿನ ಎಆರ್‌ಟಿ ನಕ್ಷತ್ರಗಳನ್ನು ಕೊಡುತ್ತದೆ, ಸೈಕಲ್ಲಿಗೆ ಎರಡು ನಕ್ಷತ್ರದ ಬೀಗ ಇರಲಿ ಎನ್ನುತ್ತಾರೆ. ಮನೆಗೆ ಚಿನ್ನ ಅಥವಾ ಅದಕ್ಕೂ ಮೇಲಿನದನ್ನು ಆರಿಸಿ.

ತಿರುಗುವ ಬ್ಲೇಡಿನಿಂದ ಕಬ್ಬಿಣ ಕೊಯ್ಯುವ ಯಂತ್ರವಾದ ಆಂಗಲ್ ಗ್ರೈಂಡರ್ ವಿಷಯ ಮುಚ್ಚಿಡಬಾರದು. ಬ್ಯಾಟರಿಯಲ್ಲಿ ಓಡುವ ಸಣ್ಣ ಗ್ರೈಂಡರ್ ಸಾಧಾರಣ ಯು-ಲಾಕನ್ನು ಒಂದೆರಡು ನಿಮಿಷದೊಳಗೆ ಕೊಯ್ಯುತ್ತದೆ. ಈಚಿನ ವರ್ಷಗಳಲ್ಲಿ ಗ್ರೈಂಡರಿನ ಚಕ್ರವನ್ನೇ ಸವೆಸುವ ಪದರ ಹೊದಿಸಿದ ಯು-ಲಾಕುಗಳು ಬಂದಿವೆ. ಅವುಗಳನ್ನು ಕೊಯ್ಯಲು ಹಲವು ಬ್ಲೇಡು ಬದಲಿಸಬೇಕು, ಬೆಲೆಯೂ ಭಾರವೂ ಹೆಚ್ಚು. ದುಬಾರಿ ಸೈಕಲ್ ಇದ್ದವರು ಅದನ್ನು ಕೊಂಡರೆ ಹಣ ದಂಡವಲ್ಲ. ಉಳಿದವರಿಗೆ ಗ್ರೈಂಡರಿನ ವಿರುದ್ಧ ಇರುವ ಆಸರೆ ಅದರ ಚೀರಾಟ ಮತ್ತು ಕಿಡಿಗಳು. ನಡುರಾತ್ರಿ ಅದು ಇಡೀ ಕಟ್ಟಡವನ್ನು ಎಬ್ಬಿಸುತ್ತದೆ. ಆದರೆ ಎದ್ದವರಿಗೆ ಕಾಣುವಂತಿರಬೇಕು, ಕೇಳುವಂತಿರಬೇಕು. ಹಾಗಾಗಿ ಸೈಕಲ್ಲನ್ನು ಕಟ್ಟಡದ ಹಿಂದಿನ ಮೂಲೆಗೆ ಒಯ್ಯದೆ, ಯಾರಾದರೊಬ್ಬರ ಮಲಗುವ ಕೋಣೆಯ ಕಿಟಕಿಯ ಕೆಳಗೆ, ಆದರೆ ರಸ್ತೆಯಿಂದ ಕಾಣದ ಕಡೆ ಕಟ್ಟಿ. ಮನುಷ್ಯ ಬಂದರೆ ತಾನಾಗಿ ಹೊತ್ತಿಕೊಳ್ಳುವ ಸೆನ್ಸರ್ ದೀಪ ಹಾಕಿಸಿ. ಸರಪಳಿಗೆ ಸಿಕ್ಕಿಸುವ ಸೈರನ್ನೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಕಟ್ಟುವ ಬಗೆ ಹೇಳುತ್ತೇನೆ, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಮ್ಮೆ ಮಾಡಿ ತೋರಿಸಿ. ಸರಪಳಿ ಮೊದಲು ಹಿಂದಿನ ಚಕ್ರದೊಳಗೆ ಹಾಯಬೇಕು, ಆಮೇಲೆ ಫ್ರೇಮಿನ ಹಿಂದಿನ ತ್ರಿಕೋನದೊಳಗೆ, ಆಮೇಲೆ ಗೋಡೆಯ ಕೊಂಡಿಗೆ. ಹಿಂದಿನ ಚಕ್ರವನ್ನೇ ಹಿಡಿಯಲು ಕಾರಣವಿದೆ. ಗೇರು, ಹಬ್ಬು ಎಲ್ಲ ಸೇರಿ ಅದು ಮುಂದಿನದಕ್ಕಿಂತ ದುಬಾರಿ, ಕಳೆದುಕೊಂಡರೆ ನಷ್ಟ ದೊಡ್ಡದು. ಸರಪಳಿ ಉದ್ದವಿದ್ದರೆ ಮುಂದಿನ ಚಕ್ರವನ್ನೂ ಬಳಸಿ ಬರಲಿ. ಮುಗಿಸಿದ ಮೇಲೆ ಸರಪಳಿ ನೆಲಕ್ಕೆ ತಾಗದಂತೆ ಬಿಗಿಯಾಗಿರಬೇಕು. ನೆಲದ ಮೇಲೆ ಬಿದ್ದ ಸರಪಳಿಗೆ ಕಟರಿನ ಒಂದು ಹಿಡಿಯನ್ನು ನೆಲಕ್ಕೂರಿ ಇನ್ನೊಂದರ ಮೇಲೆ ಮೈಭಾರ ಪೂರ್ತಿ ಬಿಡಬಹುದು, ಗಾಳಿಯಲ್ಲಿ ತೂಗುವ ಸರಪಳಿಗೆ ತೋಳಿನ ಬಲ ಮಾತ್ರ. ಅದಕ್ಕೇ ಗೋಡೆಯ ಕೊಂಡಿಯನ್ನು ಸೊಂಟದ ಎತ್ತರಕ್ಕೆ ಹಾಕಿಸಿದರೆ ಒಳ್ಳೆಯದು. ಕೀಲಿ ತೂತು ಕೆಳಮುಖವಾಗಿರಲಿ, ನೀರೂ ದೂಳೂ ಇಳಿಯುವುದಿಲ್ಲ. ವರ್ಷಕ್ಕೆ ಒಂದೆರಡು ಸಲ ಗ್ರಾಫೈಟ್ ಪುಡಿಯನ್ನೋ ಬೀಗಕ್ಕೆಂದೇ ಬರುವ ಒಣ ಎಣ್ಣೆಯನ್ನೋ ಬಿಡಿ. ಗ್ರೀಸು ಬೇಡ, ದೂಳು ಹಿಡಿದು ಬೀಗ ಕಚ್ಚಿಕೊಳ್ಳುತ್ತದೆ.

ಚಕ್ರದ ನಡುವೆ ಸಣ್ಣ ಹಿಡಿಯಿದ್ದು, ಅದನ್ನು ಎತ್ತಿದರೆ ಚಕ್ರ ಕೈಗೆ ಬರುವಂತಿದ್ದರೆ ಅದನ್ನು ಕ್ವಿಕ್ ರಿಲೀಸ್ ಎನ್ನುತ್ತಾರೆ. ರೇಸಿನಲ್ಲಿ ಪಂಕ್ಚರಾದಾಗ ಬೇಗ ಚಕ್ರ ಬದಲಿಸಲು ಅನುಕೂಲವಾದದ್ದು, ಮನೆಯ ಸೈಕಲ್ಲಿಗೆ ಅದರಿಂದ ಅಪಾಯವೇ ಹೆಚ್ಚು. ತೆಗೆಸಿ ನಟ್ಟೋ, ವಿಶೇಷ ಕೀಲಿಯಿಂದ ಮಾತ್ರ ಬಿಚ್ಚುವ ಕಡ್ಡಿಯೋ ಹಾಕಿಸಿ. ಸೀಟಿನ ಹಿಡಿಗೂ ಇದೇ ಮಾತು.

ಮನೆಯೊಳಗೆ ಜಾಗವಿಲ್ಲ ಎಂದಿದ್ದೀರಿ. ಇನ್ನೊಮ್ಮೆ ನೋಡಿ ಎಂದು ಕೇಳಿಕೊಳ್ಳುತ್ತೇನೆ, ಯಾಕೆಂದರೆ ಬಾಗಿಲೊಳಗಿನ ಸೈಕಲ್ಲಿಗೆ ಸಮನಾದ ಭದ್ರತೆ ಇನ್ನಾವುದೂ ಇಲ್ಲ. ಮುಂದಿನ ಚಕ್ರವನ್ನು ಮೇಲೆ ಕೊಕ್ಕೆಗೆ ಸಿಕ್ಕಿಸಿ ಗೋಡೆಗೆ ಉದ್ದಕ್ಕೆ ನಿಲ್ಲಿಸಿದರೆ ಸೈಕಲ್ ತೆಗೆದುಕೊಳ್ಳುವುದು ಒಂದು ಕಿರಿದಾದ ಬೀರುವಿನಷ್ಟು ಜಾಗ. ಹ್ಯಾಂಡಲ್ಲಿನ ಬೋಲ್ಟನ್ನು ಸಡಿಲಿಸಿ ಅಡ್ಡ ತಿರುಗಿಸಿ, ಪೆಡಲ್ ಬಿಚ್ಚಿಟ್ಟರೆ ಇನ್ನೂ ತೆಳ್ಳಗಾಗುತ್ತದೆ. ದಿನಾ ಬಳಸದ ಸೈಕಲ್ಲಿಗೆ ಇದು ಸರಿ. ಬಾಲ್ಕನಿಯಲ್ಲಿ ಇಡುವುದಾದರೆ ಅಲ್ಲೂ ಬೀಗ ಹಾಕಿ. ಮೊದಲ ಮಹಡಿಯ ಬಾಲ್ಕನಿ ಏಣಿಗೆ ಎಟುಕುತ್ತದೆ. ಮೆಟ್ಟಿಲ ಹಾದಿಯಲ್ಲಿ, ಮನೆಬಾಗಿಲ ಮುಂದಿನ ಓಣಿಯಲ್ಲಿ ಮಾತ್ರ ಇಡಬೇಡಿ. ಬೆಂಕಿ ಬಿದ್ದ ದಿನ ಹೊಗೆಯಲ್ಲಿ ತಡಕಾಡಿ ಓಡುವ ಹತ್ತು ಜನರ ಕಾಲಿಗೆ ಅದು ಅಡ್ಡ ಬೀಳುತ್ತದೆ. ಸೈಕಲ್ ಎಷ್ಟೇ ಪ್ರೀತಿಯದಾದರೂ ಜನರ ದಾರಿಗಿಂತ ದೊಡ್ಡದಲ್ಲ. ಬ್ಯಾಟರಿ ಸೈಕಲ್ಲಾದರೆ ಈ ಮಾತು ಇನ್ನೂ ಹೆಚ್ಚು ಅನ್ವಯ. ಬ್ಯಾಟರಿಯನ್ನು ರಾತ್ರಿ ಕಳಚಿ ಒಳಗೆ ತನ್ನಿ, ಕಳ್ಳನಿಗೆ ಅರ್ಧ ಆಸೆ ಅಲ್ಲೇ ಹೋಗುತ್ತದೆ. ಆದರೆ ಹೊರಬಾಗಿಲಿಗೆ ಹೋಗುವ ದಾರಿಯಲ್ಲಿಟ್ಟು ಚಾರ್ಜ್ ಮಾಡಬೇಡಿ, ಎಲ್ಲರೂ ಮಲಗಿದ ಮೇಲಂತೂ ಬೇಡ.

ಶೆಡ್ಡೋ ಗ್ಯಾರೇಜೋ ಇರುವವರು ಬಾಗಿಲಿನ ಬೀಗಕ್ಕಿಂತ ಮೊದಲು ಚಿಲಕವನ್ನೂ ಹಿಂಜನ್ನೂ ಹಿಡಿದ ಸ್ಕ್ರೂಗಳನ್ನು ನೋಡಬೇಕು. ಅವು ಹೊರಗೆ ಕಾಣುತ್ತಿದ್ದರೆ ದೊಡ್ಡ ಬೀಗ ಹಾಕಿ ಪ್ರಯೋಜನವಿಲ್ಲ, ಸ್ಕ್ರೂಡ್ರೈವರಿನಿಂದ ಬಾಗಿಲೇ ಕಳಚುತ್ತದೆ. ಬಾಗಿಲನ್ನು ಆರಪಾರ ಹಾಯುವ, ಹೊರಗಿನ ತಲೆ ನುಣ್ಣಗಿರುವ ಬೋಲ್ಟು ಹಾಕಿಸಿ ನಟ್ಟನ್ನು ಒಳಗಡೆ ಬಿಗಿಸಿ. ಒಳಗೆ ಇಟ್ಟ ಗರಗಸ, ಹಾರೆ, ಏಣಿ ಎಲ್ಲವೂ ಒಳಗೆ ನುಗ್ಗಿದವನ ಹತಾರಗಳೇ ಆಗುತ್ತವೆ, ಅವನ್ನು ಬೇರೆ ಕಡೆ ಬೀಗದೊಳಗಿಡಿ.

ಕಳ್ಳನಿಗೆ ಸುದ್ದಿ ಹೋಗುವ ದಾರಿಗಳನ್ನೂ ಮುಚ್ಚಬೇಕು. ಮಗಳು ಸೈಕಲ್ ಓಡಿಸಿದ ದಾರಿಯನ್ನು ಫೋನಿನ ಆ್ಯಪಿನಲ್ಲಿ ಹಂಚಿಕೊಳ್ಳುತ್ತಿದ್ದರೆ ಆ ಗೆರೆ ದಿನವೂ ನಿಮ್ಮ ಮನೆಬಾಗಿಲಿನಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ಸ್ಟ್ರಾವಾದಂಥ ಆ್ಯಪುಗಳಲ್ಲಿ ಆರಂಭ, ಕೊನೆಗಳನ್ನು ಮರೆಮಾಡುವ ಸೆಟ್ಟಿಂಗ್ ಇದೆ, ಇವತ್ತೇ ಹಾಕಿಸಿ. ಹೊಸ ಸೈಕಲ್ಲಿನ ಫೋಟೋ ಹಾಕುವಾಗ ಹಿಂದೆ ಗೇಟು, ಮನೆ ನಂಬರು ಕಾಣದಿರಲಿ. ಹೊಸ ಸೈಕಲ್ ಬಂದ ರಟ್ಟಿನ ಪೆಟ್ಟಿಗೆಯನ್ನು ರಸ್ತೆಬದಿಯಲ್ಲಿ ಹಾಗೇ ಬಿಸಾಡಬೇಡಿ. ಒಮ್ಮೆ ಸೈಕಲ್ ಒಯ್ದವನಿಗೆ ಆ ಮನೆಗೆ ಇನ್ನೊಂದು ಬರುತ್ತದೆಂಬ ಅಂದಾಜಿರುತ್ತದೆ. ಅದಕ್ಕೇ ಮೊದಲ ಕೆಲವು ತಿಂಗಳು ಹೆಚ್ಚು ಎಚ್ಚರ ಬೇಕು, ಹಳೆಯ ಜಾಗಕ್ಕೆ ಹೊಸದನ್ನು ತಂದಿಡಬೇಡಿ.

ಕ್ಯಾಮೆರಾ ಹಾಕಿಸಲೇ ಎಂದು ಬಹಳ ಜನ ಕೇಳುತ್ತಾರೆ. ಹಾಕಿಸಿ, ಆದರೆ ದುಡ್ಡು ಒಂದಕ್ಕೇ ಇದ್ದರೆ ಮೊದಲು ಸರಪಳಿ ಕೊಳ್ಳಿ. ಟೋಪಿ ಹಾಕಿ ತಲೆ ತಗ್ಗಿಸಿ ಬಂದವನ ಚಿತ್ರದಿಂದ ಸೈಕಲ್ ವಾಪಸು ಬಂದದ್ದನ್ನು ನಾನು ಕಂಡದ್ದು ಕಡಿಮೆ. ಸೀಟಿನಡಿ ಅಡಗಿಸುವ ಟ್ರ್ಯಾಕರುಗಳೂ ಇವೆ. 2021ರಲ್ಲಿ ಬಂದ ಏರ್‌ಟ್ಯಾಗಿನಂಥವು ಅಗ್ಗ, ಬ್ಯಾಟರಿಯೂ ಬಹಳ ಕಾಲ ಬರುತ್ತದೆ. ಆದರೆ ಅಪರಿಚಿತ ಟ್ಯಾಗೊಂದು ನಿನ್ನ ಜೊತೆ ಬರುತ್ತಿದೆ ಎಂದು ಅದು ಕಳ್ಳನ ಫೋನಿಗೂ ಹೇಳುತ್ತದೆ. ಜನರನ್ನು ಗುಟ್ಟಾಗಿ ಹಿಂಬಾಲಿಸಬಾರದೆಂಬ ಒಳ್ಳೆಯ ಕಾರಣಕ್ಕೆ ಮಾಡಿದ ವ್ಯವಸ್ಥೆ ಅದು. ಸಿಮ್ ಇರುವ ಜಿಪಿಎಸ್ ಟ್ರ್ಯಾಕರಿಗೆ ಈ ತೊಂದರೆಯಿಲ್ಲ, ಬದಲಿಗೆ ಅದನ್ನು ಆಗಾಗ ಚಾರ್ಜ್ ಮಾಡಬೇಕು, ತಿಂಗಳ ಬಾಡಿಗೆಯೂ ಇರುತ್ತದೆ. ಯಾವುದೇ ಇರಲಿ, ಅದು ತೋರಿಸಿದ ಜಾಗಕ್ಕೆ ನೀವೇ ಹೋಗಿ ಬಾಗಿಲು ತಟ್ಟಬೇಡಿ, ಮಗಳನ್ನಂತೂ ಖಂಡಿತ ಕಳಿಸಬೇಡಿ. ಪೊಲೀಸರಿಗೆ ತೋರಿಸಿ, ಅವರೊಂದಿಗೆ ಹೋಗಿ.

ಇವತ್ತು ಸಂಜೆ ಹತ್ತು ನಿಮಿಷ ತೆಗೆದಿಟ್ಟು ಒಂದು ಕೆಲಸ ಮಾಡಿ. ಹೊಸ ಸೈಕಲ್ಲನ್ನು ಮಗುಚಿ ನಿಲ್ಲಿಸಿ. ಪೆಡಲಿನ ಎರಡು ತೋಳು ಸೇರುವ ಕಡೆ, ಫ್ರೇಮಿನ ತಳದಲ್ಲಿ, ಸಾಮಾನ್ಯವಾಗಿ ಅಕ್ಷರ, ಅಂಕಿಗಳನ್ನು ಒತ್ತಿರುತ್ತಾರೆ. ಅಲ್ಲಿಲ್ಲದಿದ್ದರೆ ಹ್ಯಾಂಡಲ್ಲಿನ ಕೆಳಗೆ ಮುಂದಿನ ಕೊಳವೆಯಲ್ಲೋ ಹಿಂದಿನ ಚಕ್ರದ ಬಳಿಯೋ ಹುಡುಕಿ. ಅದು ಆ ಸೈಕಲ್ಲಿನ ನಂಬರು. ಅದರ ಫೋಟೋ, ಸೈಕಲ್ಲಿನ ಇಡೀ ಫೋಟೋ, ಗೀರು, ಸ್ಟಿಕ್ಕರಿನಂಥ ಗುರುತುಗಳ ಫೋಟೋ, ಬಿಲ್ಲಿನ ಫೋಟೋ ಎಲ್ಲವನ್ನೂ ನಿಮ್ಮ ಇಮೇಲಿಗೇ ಕಳಿಸಿಕೊಳ್ಳಿ. ಜಪಾನಿನಲ್ಲಿ 1994ರಿಂದ ಪ್ರತಿ ಸೈಕಲ್ಲಿನ ನೋಂದಣಿ ಕಡ್ಡಾಯ, ಸಿಕ್ಕ ಸೈಕಲ್ ಯಾರದೆಂದು ಅದರಿಂದಲೇ ತಿಳಿಯುತ್ತದೆ. ಅಂಥ ನಿಯಮವಿಲ್ಲದ ಕಡೆ ನಾವೇ ಬರೆದಿಟ್ಟ ನಂಬರೇ ನೋಂದಣಿ. ಸಿಕ್ಕ ಸೈಕಲ್ ಎದುರಿಗಿದ್ದರೂ ತನ್ನದೆಂದು ತೋರಿಸಲಾಗದೆ ಬರಿಗೈಲಿ ಹೋದವರನ್ನು ನೋಡಿದ್ದೇನೆ, ಆ ಸಂಕಟ ಕಳೆದುಕೊಂಡದ್ದಕ್ಕಿಂತ ಹೆಚ್ಚಿನದು. ವಿಮೆ ಮಾಡಿಸುವುದಾದರೂ ಕರಾರನ್ನು ಪೂರ್ತಿ ಓದಿ. ಇಂಥ ದರ್ಜೆಯ ಬೀಗ, ಇಂಥದ್ದಕ್ಕೇ ಕಟ್ಟಿರಬೇಕು, ಬೀಗದ ಬಿಲ್ಲು ಬೇಕು ಎಂಬ ಷರತ್ತುಗಳು ಸಣ್ಣಕ್ಷರದಲ್ಲಿರುತ್ತವೆ. ಬೀಗದ ಕೀಲಿಕೈಯ ಮೇಲಿರುವ ಸಂಖ್ಯೆಯನ್ನೂ ಬರೆದಿಡಿ, ಕಳೆದರೆ ಕೆಲವು ಕಂಪನಿಗಳು ಆ ಸಂಖ್ಯೆಯಿಂದಲೇ ಹೊಸದನ್ನು ಮಾಡಿಕೊಡುತ್ತವೆ. ಎರಡನೇ ಕೀಲಿಕೈ ಹೂಕುಂಡದ ಕೆಳಗೆ ಬೇಡ, ನಿಮ್ಮ ಬೀರುವಿನಲ್ಲಿರಲಿ.

ಸರಪಳಿ, ಕೊಂಡಿ ಬರುವವರೆಗೆ, ಎಷ್ಟೇ ಇಕ್ಕಟ್ಟಾದರೂ ಸೈಕಲ್ಲನ್ನು ರಾತ್ರಿ ಮನೆಯೊಳಗೆ ತಂದಿಟ್ಟುಕೊಳ್ಳಿ. ಹಳೆಯ ಕೇಬಲ್ ಸಿಕ್ಕಿದ್ದರೆ ಬಿಸಾಡಬೇಡಿ, ಹೆಲ್ಮೆಟ್ಟನ್ನೂ ಸೀಟನ್ನೂ ಸರಪಳಿಗೆ ಸೇರಿಸಲು ಅದು ಬೇಕಾಗುತ್ತದೆ.

ಕಳುವಾದ ಸೈಕಲ್ಲಿನ ವಿಷಯವನ್ನೂ ಕೈಬಿಡಬೇಡಿ. ದೂರು ಕೊಟ್ಟಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಎರಡು ವಾರವಾದರೂ ಕೊಡಬಹುದು. ಅದರ ಫ್ರೇಮ್ ನಂಬರು ಬಿಲ್ಲಿನಲ್ಲೋ ವಾರಂಟಿ ಕಾರ್ಡಿನಲ್ಲೋ ಇರುವ ಸಾಧ್ಯತೆಯಿದೆ, ಕೊಂಡ ಅಂಗಡಿಯ ಪುಸ್ತಕದಲ್ಲೂ ಕೇಳಿ. ಹಳೆಯ ಸೈಕಲ್ ಕೊಂಡು ಮಾರುವವರಿಗೆ, ಸುತ್ತಲಿನ ರಿಪೇರಿಯವರಿಗೆ ಅದರ ಫೋಟೋ, ನಂಬರು ಕೊಟ್ಟುಬನ್ನಿ. ಕಳುವಾದ ಸೈಕಲ್ ಒಂದಲ್ಲ ಒಂದು ದಿನ ಪಂಕ್ಚರಾಗಿಯೋ ಬ್ರೇಕ್ ಸವೆದೋ ನಮ್ಮಂಥವರ ಕೈಗೇ ಬರುತ್ತದೆ. ಸೆಕೆಂಡ್ ಹ್ಯಾಂಡ್ ಮಾರಾಟದ ಆ್ಯಪುಗಳಲ್ಲಿ ಮಗಳು ಆಗಾಗ ಕಣ್ಣಾಡಿಸಲಿ, ತನ್ನ ಸೈಕಲ್ಲಿನ ಗೀರುಗಳು ಅವಳಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರುವುದಿಲ್ಲ. ಕಂಡರೆ ಮಾರುವವನಿಗೆ ಏನೂ ಬರೆಯದೆ, ಆ ಪುಟದ ಚಿತ್ರ ತೆಗೆದುಕೊಂಡು ನೇರ ಪೊಲೀಸರ ಬಳಿ ಹೋಗಿ.